ಸದ್ದು ಕಳೆದುಕೊಂಡ ದೆವ್ವದ ರೈಲು: 1931ರ ಒಂದು ಅರೆಬರೆ ಸಿನಿಮಾದ ಪ್ರಕರಣ

1931ರಲ್ಲಿ ಇಂಗ್ಲೆಂಡಿನ ಗೇನ್ಸ್‌ಬರೋ ಪಿಕ್ಚರ್ಸ್ ‘ದಿ ಗೋಸ್ಟ್ ಟ್ರೈನ್’ ಅಂತ ಒಂದು ಟಾಕಿ ಮಾಡಿತು. ಹಾಳು ಸುರಿಯುವ ಒಂದು ರೈಲ್ವೆ ಸ್ಟೇಷನ್ನು, ಅಲ್ಲಿ ರಾತ್ರಿ ಸಿಕ್ಕಿಹಾಕಿಕೊಂಡ ಪ್ರಯಾಣಿಕರು, ಒಂದು ದೆವ್ವದ ರೈಲಿನ ಕಥೆ, ಅದರ ಹಿಂದೆ ಕಳ್ಳಸಾಗಣೆ, ಇದೆಲ್ಲದರ ಮಧ್ಯೆ ಬಾಯಿ ಮುಚ್ಚದ ಒಬ್ಬ ತಲೆಹರಟೆ. ಕ್ರೈಮೂ ಹೌದು, ಕಾಮಿಡಿಯೂ ಹೌದು. ಈ ಸಿನಿಮಾ ಈಗ ಪೂರ್ತಿ ಇಲ್ಲ. ಚಿತ್ರದ 5 ರೀಲು ಉಳಿದಿವೆ, ಧ್ವನಿಯ 2 ರೀಲು ಉಳಿದಿವೆ. ಮಿಕ್ಕಿದ್ದು ಹೋಯಿತು.

ಕಳೆದುಹೋದ ಸಿನಿಮಾಗಳ ಪಟ್ಟಿ ಮಾಡುವವರು ಇಂಥದ್ದರ ಮುಂದೆ ‘ಭಾಗಶಃ ಲಭ್ಯ’ ಅಂತ ಬರೆದು ಮುಂದಿನ ಹೆಸರಿಗೆ ಹೋಗಿಬಿಡುತ್ತಾರೆ. ಓದಿದವರಿಗೆ, ಸದ್ಯ, ಪೂರ್ತಿ ಹೋಗಿಲ್ಲವಲ್ಲ ಅನ್ನಿಸುತ್ತದೆ. ಈ ಪ್ರಕರಣದಲ್ಲಿ ಆ ಎರಡು ಪದ ದಾರಿ ತಪ್ಪಿಸುತ್ತವೆ ಅನ್ನೋದು ನನ್ನ ವಾದ. ಎಷ್ಟು ಉಳಿದಿದೆ ಅನ್ನೋದಕ್ಕಿಂತ ಯಾವುದು ಉಳಿದಿದೆ ಅಂತ ಕೇಳಬೇಕು. ಯಾಕೆಂದರೆ ಈ ಕಥೆ ಹುಟ್ಟಿದ್ದೇ ಒಂದು ಸದ್ದಿನಿಂದ. ನಾಟಕವಾಗಿ ಜನರನ್ನು ಬೆಚ್ಚಿಬೀಳಿಸಿದ್ದೂ ಸದ್ದೇ. ಈಗ ಜಾಸ್ತಿ ಕಾಣೆಯಾಗಿರುವುದೂ ಅದೇ.

ಕೇಳಿಸಿತು, ಕಾಣಲಿಲ್ಲ

ಮೂಲ ನಾಟಕ ಬರೆದವರು ಆರ್ನಾಲ್ಡ್ ರಿಡ್ಲಿ. 1896ರಲ್ಲಿ ಬಾತ್ ನಗರದಲ್ಲಿ ಹುಟ್ಟಿದವರು. ನಟನಾಗಬೇಕು ಅಂತ ಹೊರಟವರು ಮೊದಲನೇ ಮಹಾಯುದ್ಧಕ್ಕೆ ಹೋಗಿ ಸೊಮ್ ಕದನದಲ್ಲಿ ಜೋರಾಗಿ ಗಾಯಗೊಂಡು ಬಂದರು. ಆಮೇಲೆ ನಾಟಕ ಬರೆಯುವುದಕ್ಕೆ ಕೂತರು. ಬ್ರಿಟಿಷ್ ಟಿವಿ ನೋಡಿದವರಿಗೆ ಇವರ ಮುಖ ಗೊತ್ತಿರುತ್ತದೆ: 1968ರಲ್ಲಿ ಶುರುವಾದ ‘ಡ್ಯಾಡ್ಸ್ ಆರ್ಮಿ’ ಅನ್ನುವ ಹಾಸ್ಯ ಧಾರಾವಾಹಿಯಲ್ಲಿ ಪ್ರೈವೇಟ್ ಗಾಡ್‌ಫ್ರೇ ಅನ್ನುವ ಮೆತ್ತನೆಯ ಮುದುಕ ಇವರೇ. ಆ ಮುದುಕ ಚಿಕ್ಕ ವಯಸ್ಸಿನಲ್ಲಿ ಇಡೀ ಲಂಡನ್ನನ್ನು ಹೆದರಿಸಿದ್ದ ಅಂದರೆ ಎಷ್ಟೋ ಜನ ನಂಬುವುದಿಲ್ಲ.

ಬ್ರಿಸ್ಟಲ್ ಹತ್ತಿರ ಮ್ಯಾಂಗೋಟ್ಸ್‌ಫೀಲ್ಡ್ ಅಂತ ಒಂದು ಜಂಕ್ಷನ್ ಇತ್ತು. ರಿಡ್ಲಿ ಒಮ್ಮೆ ಅಲ್ಲಿ ಕನೆಕ್ಷನ್ ರೈಲು ತಪ್ಪಿಸಿಕೊಂಡು ಗಂಟೆಗಟ್ಟಲೆ ಕೂತರು. ಸ್ಟೇಷನ್ನಿನ ಪಕ್ಕದಲ್ಲೇ ಒಂದು ಲೂಪ್ ಲೈನು ಬಳಸಿಕೊಂಡು ಹೋಗುತ್ತಿತ್ತು. ನಿಲ್ಲದ ಗಾಡಿಗಳು ಅದರ ಮೇಲೆ ಓಡುತ್ತಿದ್ದವು. ಹಾಗಾಗಿ ಪ್ಲಾಟ್‌ಫಾರ್ಮ್ ಮೇಲೆ ಕೂತವನಿಗೆ ರೈಲು ಇನ್ನೇನು ಮೈಮೇಲೆ ಬಂತು ಅನ್ನುವ ಹಾಗೆ ಆರ್ಭಟ ಕೇಳಿಸುತ್ತದೆ, ತಿರುಗಿ ನೋಡಿದರೆ ಹಳಿ ಮೇಲೆ ಏನೂ ಇಲ್ಲ. ಇದರಿಂದಲೇ ನಾಟಕ ಹುಟ್ಟಿತು. ಬರೆದದ್ದು 1923ರಲ್ಲಿ. 1925ರ ನವೆಂಬರ್‌ನಲ್ಲಿ ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಥಿಯೇಟರ್‌ಗೆ ಬಂತು, 600ಕ್ಕೂ ಜಾಸ್ತಿ ಪ್ರದರ್ಶನ ಕಂಡಿತು.

ಕಥೆ ಹೇಳಲೇಬೇಕು, ಕೊನೆಯನ್ನೂ ಹೇಳಿಬಿಡುತ್ತೇನೆ. ನೂರು ವರ್ಷ ಹಳೇ ಗುಟ್ಟು, ಬೇಜಾರು ಮಾಡಿಕೊಳ್ಳಬೇಡಿ. ಕಾರ್ನ್‌ವಾಲ್‌ನ ಫಾಲ್ ವೇಲ್ ಅನ್ನುವ ಕಾಲ್ಪನಿಕ ಸ್ಟೇಷನ್. ಟೆಡ್ಡಿ ಡೀಕಿನ್ ಅನ್ನುವ ಆಸಾಮಿ, ಹ್ಯಾಟ್ ಕಿಟಕಿಯಿಂದ ಹಾರಿಹೋಯಿತು ಅಂತ ಚೈನ್ ಎಳೆದು ರೈಲು ನಿಲ್ಲಿಸಿದ್ದಕ್ಕೆ ಎಲ್ಲರಿಗೂ ಮುಂದಿನ ರೈಲು ತಪ್ಪಿದೆ. ಎರಡು ಜೋಡಿಗಳು, ಮಿಸ್ ಬೋರ್ನ್ ಅನ್ನುವ ಮದುವೆಯಾಗದ ವಯಸ್ಸಾದ ಹೆಂಗಸು, ಅವಳ ಗಿಳಿ, ಇವರೆಲ್ಲ ಬೆಳಗಿನವರೆಗೆ ವೇಟಿಂಗ್ ರೂಮಿನಲ್ಲೇ ಇರಬೇಕು. ಸ್ಟೇಷನ್ ಮಾಸ್ಟರ್ ಸಾಲ್ ಹಾಡ್ಜ್‌ಕಿನ್ ಬೇಡ, ಇಲ್ಲಿ ಉಳಿಯಬೇಡಿ ಅನ್ನುತ್ತಾನೆ. ಎಷ್ಟೋ ವರ್ಷದ ಹಿಂದೆ ಒಂದು ರಾತ್ರಿ ಆಗಿನ ಸ್ಟೇಷನ್ ಮಾಸ್ಟರ್ ಇದ್ದಕ್ಕಿದ್ದಂತೆ ಕುಸಿದು ಸತ್ತನಂತೆ, ಮುಚ್ಚಬೇಕಾಗಿದ್ದ ತಿರುಗು ಸೇತುವೆ ತೆರೆದೇ ಉಳಿಯಿತಂತೆ, ಬಂದ ರೈಲು ಹಾಗೇ ನದಿಗೆ ಬಿತ್ತಂತೆ. ಅದೇ ರೈಲು ಈಗಲೂ ರಾತ್ರಿ ಹೊತ್ತು ಈ ಹಳಿ ಮೇಲೆ ಓಡುತ್ತದಂತೆ, ನೋಡಿದವರು ಬದುಕುವುದಿಲ್ಲವಂತೆ. ಆಮೇಲೆ ಜೂಲಿಯಾ ಅನ್ನುವ ಹುಡುಗಿ ಹುಚ್ಚಿಯ ಹಾಗೆ ಓಡಿ ಬರುತ್ತಾಳೆ, ಅವಳನ್ನು ಕರೆದುಕೊಂಡು ಹೋಗಲು ಒಬ್ಬ ಅಣ್ಣ, ಒಬ್ಬ ಡಾಕ್ಟರು ಬರುತ್ತಾರೆ. ಕೊನೆಗೆ ರೈಲೂ ಬರುತ್ತದೆ. ನಿಜವಾದ ರೈಲು! ಅದರ ತುಂಬ ಕದ್ದು ಸಾಗಿಸುವ ಬಂದೂಕುಗಳು, ರಷ್ಯಾದ ಕಡೆಯ ಕ್ರಾಂತಿಕಾರಿಗಳ ಮಾಲು. ದೆವ್ವದ ಕಥೆ ಕಟ್ಟಿದ್ದು ಊರಿನವರು ಹಳಿ ಹತ್ತಿರ ಸುಳಿಯದಿರಲಿ ಅಂತ. ಇಷ್ಟು ಹೊತ್ತು ಎಲ್ಲರ ತಲೆ ತಿಂದ ಡೀಕಿನ್ ಮಾರುವೇಷದ ಪತ್ತೇದಾರ. ಹ್ಯಾಟ್ ಹಾರಿದ್ದೂ ನಾಟಕ.

ಇಲ್ಲಿ ಒಂದು ವಿಷಯ ಗಮನಿಸಿ. ಪ್ರೇಕ್ಷಕನನ್ನು ಹೆದರಿಸುವ ರೈಲು ರಂಗದ ಮೇಲೆ ಕಾಣುವುದೇ ಇಲ್ಲ. ವೇಟಿಂಗ್ ರೂಮಿನ ಕಿಟಕಿಯ ಆಚೆ ಬೆಳಕು ಹಾಯುತ್ತದೆ, ಹಬೆ ನುಗ್ಗುತ್ತದೆ, ಉಳಿದದ್ದೆಲ್ಲ ಸದ್ದು. ಆ ಸದ್ದನ್ನು ಮಾಡುತ್ತಿದ್ದ ರೀತಿ ಕೇಳಿದರೆ ಖುಷಿಯಾಗುತ್ತದೆ. ಹುಲ್ಲುಹಾಸು ಸಮ ಮಾಡುವ ಭಾರದ ರೋಲರ್ ಒಂದನ್ನು ನೆಲಕ್ಕೆ ಅಡ್ಡಡ್ಡ ಬಡಿದ ಮರದ ಪಟ್ಟಿಗಳ ಮೇಲೆ ಎಳೆಯುವುದು. ಅದು ಹಳಿ ಜೋಡಣೆ ಮೇಲೆ ಗಾಲಿ ದಾಟುವ ‘ಕಟಕ್ ಕಟಕ್’. ಜೊತೆಗೆ ಸತುವು ಬಳಿದ ಕಬ್ಬಿಣದ ತೊಟ್ಟಿ, ಗುಡುಗಿನ ಸದ್ದಿಗೆ ಅಲ್ಲಾಡಿಸುವ ತಗಡು, ಹಾಲಿನ ದೊಡ್ಡ ಕ್ಯಾನು, ಒತ್ತಡದ ಗಾಳಿ ತುಂಬಿದ ಸಿಲಿಂಡರು, ಡೊಳ್ಳಿನ ಹಾಗಿರುವ ದೊಡ್ಡ ಡ್ರಮ್ಮು, ಚಿಕ್ಕ ಡ್ರಮ್ಮು, ತಂತಿಯ ಬ್ರಷ್ಷು, ಸೀಟಿಗಳು. ಯಾರು ಯಾವಾಗ ಏನನ್ನು ಬಡಿಯಬೇಕು ಅನ್ನೋದು ಸಂಗೀತದ ಸ್ವರಪಟ್ಟಿಯಷ್ಟು ನಿಖರವಾಗಿ ನಾಟಕದ ಅಚ್ಚಾದ ಪುಸ್ತಕದಲ್ಲೇ ಇದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಟಾಕಿ ಬಂದಾಗ

1927ರಲ್ಲೇ ಈ ನಾಟಕ ಸಿನಿಮಾ ಆಗಿತ್ತು. ಬ್ರಿಟಿಷ್ ಮತ್ತು ಜರ್ಮನ್ ಕಂಪನಿಗಳು ಸೇರಿ ಮಾಡಿದ್ದು, ನಿರ್ದೇಶಕ ಹಂಗೇರಿಯ ಗೇಜಾ ಫಾನ್ ಬೊಲ್ವಾರಿ, ಡೀಕಿನ್ ಪಾತ್ರಕ್ಕೆ ಗೈ ನ್ಯೂವಲ್. ಆದರೆ ಅದು ಮೂಕಿ. ಸದ್ದಿನಿಂದಲೇ ನಿಂತಿರುವ ನಾಟಕವನ್ನು ಮೂಕಿ ಮಾಡುವುದಕ್ಕೂ ಒಂದು ಧೈರ್ಯ ಬೇಕು, ಅಲ್ವಾ?

1929ರ ನಂತರ ಬ್ರಿಟನ್ನಿನ ಥಿಯೇಟರುಗಳು ಒಂದೊಂದಾಗಿ ಟಾಕಿಗೆ ತಿರುಗಿದವು. ನಾಲ್ಕೇ ವರ್ಷಕ್ಕೆ ಅದೇ ಗೇನ್ಸ್‌ಬರೋ ಅದೇ ಕಥೆಯನ್ನು ಮತ್ತೆ ಎತ್ತಿಕೊಂಡಿತು. ಕಂಪನಿ ಮೈಕಲ್ ಬಾಲ್ಕನ್ ಕಟ್ಟಿದ್ದು. ಚಿತ್ರಕಥೆ ಆಂಗಸ್ ಮೆಕ್‌ಫೇಲ್ ಮತ್ತು ಲಾಯೋಶ್ ಬೀರೋ. ನಿರ್ದೇಶನ ವಾಲ್ಟರ್ ಫೋರ್ಡ್. ಈ ಫೋರ್ಡ್ ಅವರೇ ಮೂಕಿ ಕಾಲದಲ್ಲಿ ಬ್ರಿಟನ್ನಿನ ಹಾಸ್ಯನಟ. ನಗಿಸುವ ಲೆಕ್ಕಾಚಾರ ಮೈಯಲ್ಲೇ ಇದ್ದ ಮನುಷ್ಯ. ಮರುವರ್ಷ, 1932ರಲ್ಲಿ, ‘ರೋಮ್ ಎಕ್ಸ್‌ಪ್ರೆಸ್’ ಅಂತ ಇನ್ನೊಂದು ರೈಲಿನ ಕ್ರೈಮ್ ಸಿನಿಮಾ ಮಾಡಿ ದೊಡ್ಡ ಹೆಸರು ತೆಗೆದುಕೊಂಡರು. ಅದು ಪೂರ್ತಿ ಉಳಿದಿದೆ. ಅದನ್ನು ನೋಡಿದರೆ ಈ ಮನುಷ್ಯನಿಗೆ ರೈಲು, ಗುಟ್ಟು, ನಗು ಮೂರನ್ನೂ ಒಂದೇ ಡಬ್ಬಿಯಲ್ಲಿ ಕೂರಿಸುವುದು ಎಷ್ಟು ಚೆನ್ನಾಗಿ ಗೊತ್ತಿತ್ತು ಅಂತ ತಿಳಿಯುತ್ತದೆ. ಹಾಗಾಗಿ 1931ರದ್ದು ಹೋಗಿದ್ದಕ್ಕೆ ಹೊಟ್ಟೆ ಇನ್ನಷ್ಟು ಉರಿಯುತ್ತದೆ.

ಡೀಕಿನ್ ಪಾತ್ರಕ್ಕೆ ಜ್ಯಾಕ್ ಹಲ್ಬರ್ಟ್, ಮಿಸ್ ಬೋರ್ನ್ ಪಾತ್ರಕ್ಕೆ ಅವರ ಹೆಂಡತಿ ಸಿಸಿಲಿ ಕೋರ್ಟ್‌ನೀಜ್. ಇಬ್ಬರೂ ಲಂಡನ್ ರಂಗಭೂಮಿಯ ದೊಡ್ಡ ತಾರೆಗಳು. 1931ರ ಹೊತ್ತಿಗೆ ಅವರ ವ್ಯವಹಾರ ಮುಳುಗಿ ಸಾಲ ತಲೆ ಮೇಲೆ ಬಂದಿತ್ತು, ಪ್ರತಿಯೊಬ್ಬರ ಸಾಲವನ್ನೂ ತೀರಿಸುತ್ತೇನೆ ಅಂತ ಹಲ್ಬರ್ಟ್ ಮಾತು ಕೊಟ್ಟಿದ್ದರು. ಸಿನಿಮಾದ ದುಡ್ಡು ಆಗ ಅವರಿಗೆ ಬೇಕಾಗಿತ್ತು. ಪ್ರೇಕ್ಷಕರಿಗೂ ಅದರಿಂದ ಲಾಭವಾಯಿತು ಅನ್ನಿ. ಸಾಲ್ ಹಾಡ್ಜ್‌ಕಿನ್ ಆಗಿ ಡೊನಾಲ್ಡ್ ಕ್ಯಾಲ್‌ಥ್ರೋಪ್. ಹಿಚ್‌ಕಾಕ್ ಅವರ 1929ರ ‘ಬ್ಲ್ಯಾಕ್‌ಮೇಲ್’ನಲ್ಲಿ ಹುಡುಗಿಯನ್ನು ಬೆದರಿಸಿ ದುಡ್ಡು ಕೀಳಲು ಬರುವ ಆ ಹಾವಿನಂಥ ಮನುಷ್ಯ ಇವರೇ. ಜೂಲಿಯಾ ಆಗಿ ಆಂಜೆಲಾ ಬ್ಯಾಡ್ಲಿ, ಮದುವೆಯಾದ ಹೊಸ ಹುಡುಗಿಯಾಗಿ ಆಗಷ್ಟೇ ಸಿನಿಮಾಕ್ಕೆ ಬಂದಿದ್ದ ಆನ್ ಟಾಡ್. ಸ್ಟೇಷನ್ನಿನ ಹೊರಾಂಗಣಕ್ಕೆ ಸಾಮರ್ಸೆಟ್‌ನ ಕ್ಯಾಮರ್ಟನ್‌ಗೆ ಹೋದರು. ಆ ಲೈನಿನಲ್ಲಿ ಪ್ರಯಾಣಿಕರ ರೈಲು 1925ರಲ್ಲೇ ನಿಂತಿತ್ತು. ಪ್ರಯಾಣಿಕರ ಕಾಟ ಇಲ್ಲದ ನಿಜವಾದ ಸ್ಟೇಷನ್ ಸಿನಿಮಾದವರಿಗೆ ಇನ್ನೆಲ್ಲಿ ಸಿಗಬೇಕು!

ಹಲ್ಬರ್ಟ್ ಬಗ್ಗೆ ಇನ್ನೊಂದು ಮಾತು. ಉದ್ದ ಗದ್ದ, ಸಣಕಲು ಮೈ, ಕುಣಿಯುವ ಕಾಲು, ಇದೆಲ್ಲ ಕಣ್ಣಿಗೆ ಕಾಣುವಂಥದ್ದು. ಆದರೆ ಅವರ ಹಾಸ್ಯದ ಮುಕ್ಕಾಲು ಭಾಗ ಮಾತಿನಲ್ಲಿದೆ: ಬೇಡದ ಹೊತ್ತಲ್ಲಿ ಬೇಡದ ಮಾತು, ಎದುರಿಗಿದ್ದವರು ಸಿಟ್ಟಾದಷ್ಟೂ ಇನ್ನಷ್ಟು ಹುರುಪು. ಡೀಕಿನ್ ಪಾತ್ರದ ತಿರುವು ಕೂಡ ಮುಖ್ಯವಾಗಿ ದನಿಯಲ್ಲೇ ಆಗಬೇಕು. ಎರಡು ಅಂಕ ಪೂರ್ತಿ ಪೆದ್ದುಪೆದ್ದಾಗಿ ಉಲಿದವನು ಇದ್ದಕ್ಕಿದ್ದಂತೆ ತಣ್ಣಗೆ, ಗಟ್ಟಿಯಾಗಿ ಮಾತಾಡಿದಾಗ ಜನ ಸೀಟಿನ ತುದಿಗೆ ಬರುತ್ತಾರೆ. ಆ ಬದಲಾವಣೆಯನ್ನು ತುಟಿ ನೋಡಿ ಊಹಿಸಲಾಗದು.

5 ಮತ್ತು 2

ಒಂದು ಸಿನಿಮಾದ ಚಿತ್ರ ಬೇರೆ, ಧ್ವನಿ ಬೇರೆ ಆಗಿ ಉಳಿಯುವುದು ಹೇಗೆ ಅಂತ ಕೆಲವರು ಕೇಳುತ್ತಾರೆ. ಥಿಯೇಟರಿಗೆ ಬರುವ ಪ್ರಿಂಟಿನಲ್ಲಿ ಎರಡೂ ಒಂದೇ ಫಿಲ್ಮಿನ ಮೇಲೆ ಇರುತ್ತವೆ ನಿಜ. ಆದರೆ ಮಾಡುವಾಗ ಹಾಗಲ್ಲ. ಫಿಲ್ಮಿನ ಮೇಲೆಯೇ ಧ್ವನಿ ಮೂಡಿಸುವ ಪದ್ಧತಿಯಲ್ಲಿ ಕ್ಯಾಮೆರಾ ಚಿತ್ರವನ್ನು ಒಂದು ನೆಗೆಟಿವ್ ಮೇಲೆ ಹಿಡಿಯುತ್ತದೆ, ಧ್ವನಿ ದಾಖಲಿಸುವ ಯಂತ್ರ ಇನ್ನೊಂದು ಫಿಲ್ಮ್ ಮೇಲೆ ಬೆಳಕಿನ ಗೆರೆಯಾಗಿ ಸದ್ದನ್ನು ಬರೆಯುತ್ತದೆ. ಎರಡನ್ನೂ ಬೇರೆಬೇರೆಯಾಗಿ ಕತ್ತರಿಸಿ ಜೋಡಿಸಿ, ಕೊನೆಯಲ್ಲಿ ಒಂದೇ ಪ್ರಿಂಟಿನ ಮೇಲೆ ಅಚ್ಚು ಹಾಕುತ್ತಾರೆ. ಪ್ರಿಂಟಿನಲ್ಲೂ ಒಂದು ಚಿತ್ರದ ಪಕ್ಕದಲ್ಲೇ ಅದರ ಸದ್ದು ಇರುವುದಿಲ್ಲ, ಸುಮಾರು 20 ಫ್ರೇಮು ಮುಂದೆ ಇರುತ್ತದೆ, ಪ್ರೊಜೆಕ್ಟರಿನಲ್ಲಿ ಧ್ವನಿ ಓದುವ ಭಾಗ ಲೆನ್ಸಿಗಿಂತ ಕೆಳಗೆ ಇರುವುದರಿಂದ. ಜೋಡಿಸಿದ ಪ್ರಿಂಟ್ ಇಲ್ಲವಾದ ಮೇಲೆ ಉಳಿಯುವುದು ಬೇರೆಬೇರೆ ಡಬ್ಬಿಗಳು. ಒಂದು ಡಬ್ಬಿ ಚೆನ್ನಾಗಿರುತ್ತದೆ, ಪಕ್ಕದ್ದು ಕೊಳೆಯುತ್ತದೆ.

35 ಎಂಎಂ ರೀಲು ಅಂದರೆ ಸಾವಿರ ಅಡಿ. ಸೆಕೆಂಡಿಗೆ 24 ಫ್ರೇಮಿನಂತೆ ಓಡಿದರೆ ನಿಮಿಷಕ್ಕೆ 90 ಅಡಿ. ಒಂದು ಪೂರ್ತಿ ರೀಲಿಗೆ 11 ನಿಮಿಷ ಬರುತ್ತದೆ. ರೀಲುಗಳು ತುಂಬಿಯೇ ಇರುತ್ತವೆ ಅಂತ ಇಟ್ಟುಕೊಂಡರೂ ಈ ಸಿನಿಮಾದಲ್ಲಿ ನೋಡಲು ಸಿಗುವುದು ಹೆಚ್ಚೆಂದರೆ 55 ನಿಮಿಷ, ಕೇಳಲು ಸಿಗುವುದು ಹೆಚ್ಚೆಂದರೆ 22 ನಿಮಿಷ. ಸದ್ದೇ ನಾಯಕನಾದ ಕಥೆಯಲ್ಲಿ! ರೀಲು ಎಣಿಸಿ 7 ಉಳಿದಿವೆ ಅಂತ ಹೇಳುವುದು, ಐದು ಚಪ್ಪಲಿಯ ಬಲಗಾಲು ಎರಡು ಚಪ್ಪಲಿಯ ಎಡಗಾಲು ಸೇರಿಸಿ ಏಳು ಚಪ್ಪಲಿ ಇವೆ ಅಂದ ಹಾಗೆ.

ಇದರ ಎದುರಿಗೆ ಒಬ್ಬರು ವಾದ ಹೂಡಬಹುದು. ಒಂದು ರೀಲೂ ಉಳಿಯದ ಸಿನಿಮಾಗಿಂತ ಇದು ವಾಸಿಯಲ್ಲವೇ ಅಂತ. ಖಂಡಿತ ವಾಸಿ. ಅದೇ 1931ರಲ್ಲಿ ಮೈಕಲ್ ಪೊವೆಲ್ ಮಾಡಿದ ‘ಟೂ ಕ್ರೌಡೆಡ್ ಅವರ್ಸ್’ ಅನ್ನುವ ಕಾಮಿಡಿ ಥ್ರಿಲ್ಲರ್ ಸಿಗುವುದೇ ಇಲ್ಲ, ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2010ರಲ್ಲಿ ಮಾಡಿದ ‘ಬೇಕಾಗಿರುವ 75 ಸಿನಿಮಾ’ಗಳ ಪಟ್ಟಿಯಲ್ಲಿ ಅದೂ ಇತ್ತು. ನಮ್ಮ ಕಡೆ ನೋಡಿದರೆ ಅದೇ ವರ್ಷದ ‘ಆಲಂ ಆರಾ’ ಪ್ರಿಂಟ್ ಇಲ್ಲ, ಮೂರು ವರ್ಷದ ನಂತರ ಬಂದ ಕನ್ನಡದ ‘ಸತಿ ಸುಲೋಚನ’ ಪ್ರಿಂಟೂ ಇಲ್ಲ. ಅದರ ಮುಂದೆ 5 ರೀಲು ದೊಡ್ಡ ಆಸ್ತಿ. ನನ್ನ ತಕರಾರು ಆಸ್ತಿಯ ಬಗ್ಗೆ ಅಲ್ಲ, ಲೆಕ್ಕ ಬರೆಯುವ ರೀತಿಯ ಬಗ್ಗೆ.

ಹೋಗಿದ್ದು ಹೇಗೆ

ಇಂಥ ಪ್ರಕರಣಗಳಲ್ಲಿ ಒಬ್ಬನೇ ಕಳ್ಳ ಸಿಗುವುದಿಲ್ಲ. ಆ ಕಾಲದ ಸಿನಿಮಾಗಳನ್ನೆಲ್ಲ ತಿಂದ ಕಾರಣಗಳು ಇಲ್ಲಿಯೂ ಇವೆ, ಮೇಲೆ ಇದರದ್ದೇ ಆದ ಇನ್ನೊಂದು ಇದೆ.

ಮೊದಲನೆಯದು ಫಿಲ್ಮೇ. 1950ರ ದಶಕದ ಆರಂಭದವರೆಗೆ 35 ಎಂಎಂ ಸಿನಿಮಾಗಳು ನೈಟ್ರೇಟ್ ಫಿಲ್ಮಿನ ಮೇಲೆ ಇರುತ್ತಿದ್ದವು. ಬೆಂಕಿ ಹತ್ತಿದರೆ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಒದಗಿಸಿಕೊಂಡು ಉರಿಯುತ್ತದೆ, ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಬೆಂಕಿ ಹತ್ತದಿದ್ದರೂ ಸುಮ್ನೆ ಇರುವುದಿಲ್ಲ. ನಿಧಾನವಾಗಿ ಆಮ್ಲದ ಅನಿಲ ಬಿಡುತ್ತದೆ, ಆ ಅನಿಲವೇ ಕೊಳೆಯುವುದನ್ನು ಇನ್ನಷ್ಟು ಜೋರು ಮಾಡುತ್ತದೆ. ಚಿತ್ರ ಮಾಸುತ್ತದೆ, ಸುರುಳಿ ಅಂಟಂಟಾಗುತ್ತದೆ, ನೊರೆ ಬರುತ್ತದೆ, ಕೊನೆಗೆ ಡಬ್ಬಿ ತೆರೆದರೆ ಕಂದು ಪುಡಿ. ಇಂಥದ್ದನ್ನು ಇಟ್ಟುಕೊಳ್ಳಲು ಬೇರೆಯೇ ಗೋದಾಮು ಬೇಕು. ಓಡದ ಹಳೇ ಸಿನಿಮಾಕ್ಕೆ ಯಾವ ಕಂಪನಿ ಅಷ್ಟು ಖರ್ಚು ಮಾಡುತ್ತದೆ? ಕರಗಿಸಿದರೆ ಬೆಳ್ಳಿಯಾದರೂ ಸಿಗುತ್ತದೆ ಅಂತ ಎಷ್ಟೋ ಸಿನಿಮಾಗಳನ್ನು ಕರಗಿಸಿಯೇ ಬಿಟ್ಟರು.

ಎರಡನೆಯದು ಕಾನೂನು. ಇದು ನನಗೆ ತುಂಬ ವಿಚಿತ್ರ ಅನ್ನಿಸುವ ಭಾಗ. ಬ್ರಿಟನ್ನಿನಲ್ಲಿ 1968ರವರೆಗೆ ಯಾವ ಹೊಸ ನಾಟಕವನ್ನೂ ಲಾರ್ಡ್ ಚೇಂಬರ್ಲೇನ್ ಅನ್ನುವ ಅರಮನೆಯ ಅಧಿಕಾರಿಯ ಕಚೇರಿಯ ಒಪ್ಪಿಗೆ ಇಲ್ಲದೆ ಸಾರ್ವಜನಿಕವಾಗಿ ಆಡುವ ಹಾಗಿರಲಿಲ್ಲ. ಒಪ್ಪಿಗೆಗೆ ಅಂತ ಕೊಟ್ಟ ಹಸ್ತಪ್ರತಿಗಳೆಲ್ಲ ಗುಡ್ಡೆ ಬಿದ್ದು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಕಲೆಯ ಕತ್ತು ಹಿಸುಕಲು ಇದ್ದ ಕಚೇರಿ ಗೊತ್ತಿಲ್ಲದೆ ನಾಟಕಗಳನ್ನು ಕಾಪಾಡಿತು. ಸಿನಿಮಾಕ್ಕೂ ಸೆನ್ಸಾರ್ ಇತ್ತು, ಆದರೆ ನೋಡಿ ವಾಪಸ್ ಕೊಡುತ್ತಿದ್ದರು. ಪ್ರತಿಯೊಂದು ಸಿನಿಮಾದ ಒಂದು ಪ್ರತಿ ಸರ್ಕಾರದ ಬಳಿ ಇರಲೇಬೇಕು ಅನ್ನುವ ಕಾನೂನು ಅಲ್ಲಿ ಬರಲೇ ಇಲ್ಲ. ಸಿನಿಮಾಗಳನ್ನು ಕಾಪಾಡಿ ಇಡುವ ನ್ಯಾಷನಲ್ ಫಿಲ್ಮ್ ಲೈಬ್ರರಿ ಶುರುವಾದದ್ದು 1935ರಲ್ಲಿ, ಅರ್ನೆಸ್ಟ್ ಲಿಂಡ್‌ಗ್ರೆನ್ ಅದರ ಮೊದಲ ಕ್ಯುರೇಟರ್. ‘ದಿ ಗೋಸ್ಟ್ ಟ್ರೈನ್’ ಬಂದು ಆಗಲೇ ನಾಲ್ಕು ವರ್ಷ. ಸಿನಿಮಾದ ಜೀವನದಲ್ಲಿ ನಾಲ್ಕು ವರ್ಷ ಅಂದರೆ ಮುದಿತನ.

ಮೂರನೆಯದು ಇದರದ್ದೇ ಹಣೆಬರಹ. ಕಥೆ ಚೆನ್ನಾಗಿತ್ತು, ಹಾಗಾಗಿ ಮತ್ತೆ ಮತ್ತೆ ತೆಗೆದರು. 1933ರಲ್ಲಿ ಹಂಗೇರಿಯನ್ ಮತ್ತು ರೊಮೇನಿಯನ್ ಭಾಷೆಯಲ್ಲಿ ಬಂತು, 1939ರಲ್ಲಿ ಡಚ್ ಭಾಷೆಯಲ್ಲಿ ಬಂತು. 1937ರಲ್ಲಿ ಬಿಬಿಸಿ ಟಿವಿ ಇದನ್ನು ಲೈವ್ ಆಗಿ ಆಡಿತು, ಆಗ ಟಿವಿಯನ್ನು ದಾಖಲಿಸಿ ಇಡುವ ರೂಢಿ ಇರಲಿಲ್ಲ, ಆಡಿದ ಕೂಡಲೇ ಗಾಳಿಯಲ್ಲಿ ಹೋಯಿತು. 1941ರಲ್ಲಿ ಅದೇ ಗೇನ್ಸ್‌ಬರೋ, ಅದೇ ವಾಲ್ಟರ್ ಫೋರ್ಡ್, ಇದೇ ಸಿನಿಮಾವನ್ನು ಎರಡನೇ ಸಲ ಮಾಡಿದರು. ರೇಡಿಯೋದಲ್ಲಿ ಹೆಸರಾಗಿದ್ದ ಆರ್ಥರ್ ಆಸ್ಕಿ ಮತ್ತು ರಿಚರ್ಡ್ ಮರ್ಡಕ್ ಜೋಡಿಗಾಗಿ ಡೀಕಿನ್ ಪಾತ್ರವನ್ನು ಎರಡು ಮಾಡಿ ಹಂಚಿದರು. ಯುದ್ಧದ ಕಾಲ, ರಷ್ಯಾದ ಕ್ರಾಂತಿಕಾರಿಗಳ ಜಾಗಕ್ಕೆ ನಾಜಿಗಳ ಪರ ಕೆಲಸ ಮಾಡುವ ದ್ರೋಹಿಗಳು ಬಂದರು. ಈ 1941ರದ್ದು ಈಗ ಸುಲಭವಾಗಿ ಸಿಗುತ್ತದೆ, ಜನ ‘ಗೋಸ್ಟ್ ಟ್ರೈನ್’ ಅಂದರೆ ಅದನ್ನೇ ನೆನೆಯುತ್ತಾರೆ.

ಹೊಸದು ಬಂದ ಮೇಲೆ ಹಳೇ ಪ್ರಿಂಟನ್ನು ಮತ್ತೆ ಓಡಿಸುವುದರಲ್ಲಿ ಕಂಪನಿಗೆ ಯಾವ ಲಾಭ? ತನ್ನ ಹೊಸ ಸಿನಿಮಾಕ್ಕೆ ತಾನೇ ಪೈಪೋಟಿ. ಸಿನಿಮಾ ವ್ಯಾಪಾರದಲ್ಲಿ ರೀಮೇಕ್ ಅನ್ನೋದು ಹಳೆಯದಕ್ಕೆ ಎಷ್ಟೋ ಸಲ ಮರಣಶಾಸನವೇ ಆಗಿದೆ. ಸೋತ ಸಿನಿಮಾ ಮೂಲೆಯಲ್ಲಿ ಧೂಳು ತಿನ್ನುತ್ತಾ ಉಳಿದುಬಿಡಬಹುದು, ಗೆದ್ದ ಕಥೆಯ ಹಳೇ ಆವೃತ್ತಿಗೆ ಆ ಭಾಗ್ಯವೂ ಕಷ್ಟ.

1941ರದ್ದು ನೋಡಿದರೆ ಸಾಕಲ್ಲವೇ?

ಸಾಲದು. ಆಸ್ಕಿ ಒಳ್ಳೆಯ ವಿದೂಷಕ, ಒಪ್ಪುತ್ತೇನೆ, ಆದರೆ ನಾನು ಅರ್ಧ ಗಂಟೆಯಲ್ಲೇ ಸುಸ್ತಾಗುತ್ತೇನೆ. ಅದು ಬಿಡಿ, ರುಚಿಯ ಮಾತು. ಮುಖ್ಯ ವಿಷಯ ಕಥೆಯ ಯಂತ್ರದ್ದು. ಮೂಲದಲ್ಲಿ ಪೆದ್ದನೇ ಪತ್ತೇದಾರ. ಅವನು ಮಾಡಿದ ಪ್ರತಿಯೊಂದು ಕಿರಿಕಿರಿಗೂ ಆಮೇಲೆ ಬೇರೆ ಅರ್ಥ ಬರುತ್ತದೆ. ಮಿಸ್ ಬೋರ್ನ್‌ಗೆ ಬ್ರಾಂದಿ ಕುಡಿಸಿ ಮಲಗಿಸಿದ್ದು ತುಂಟತನ ಅಂದುಕೊಂಡಿದ್ದರೆ, ತಿರುಗಿ ನೋಡಿದಾಗ ಒಬ್ಬ ಹೆದರಿದ ಹೆಂಗಸನ್ನು ಗಲಾಟೆಯಿಂದ ದೂರ ಇಟ್ಟ ಹಾಗೂ ಕಾಣುತ್ತದೆ. ನಗು ಮತ್ತು ಅಪರಾಧ ಎರಡೂ ಒಂದೇ ಮನುಷ್ಯನ ಒಳಗಿವೆ. ಪಾತ್ರವನ್ನು ಇಬ್ಬರಿಗೆ ಹಂಚಿದ ಕೂಡಲೇ ಆ ಗಂಟು ಬಿಚ್ಚಿಹೋಗುತ್ತದೆ. ಹಲ್ಬರ್ಟ್ ಒಬ್ಬರೇ ಅದನ್ನು ಹೊತ್ತದ್ದು 1931ರಲ್ಲಿ. ಅದಕ್ಕೇ ಅದು ಬೇಕು.

ಹಾಗಂತ ಕತ್ತಲಲ್ಲಿ ತಡಕಾಡಬೇಕಾಗಿಲ್ಲ. ಸುತ್ತಮುತ್ತ ತುಂಬ ಸಾಮಾನು ಇದೆ. ನಾಟಕದ ಪಠ್ಯ ಅಚ್ಚಿನಲ್ಲಿದೆ, ಹವ್ಯಾಸಿ ತಂಡಗಳು ಇವತ್ತಿಗೂ ಆಡುತ್ತಿವೆ. ಸದ್ದಿನ ಪಟ್ಟಿ ಇದೆ. ಹಲ್ಬರ್ಟ್ ಹೇಗೆ ಮಾತಾಡುತ್ತಿದ್ದರು ಅನ್ನಲು 1932ರ ‘ಜ್ಯಾಕ್ಸ್ ದ ಬಾಯ್’ ಇದೆ, ಅದೂ ಫೋರ್ಡ್ ನಿರ್ದೇಶನವೇ, ಅದರಲ್ಲೂ ಹಲ್ಬರ್ಟ್ ಪೊಲೀಸ್ ಕೆಲಸಕ್ಕೆ ಬಿದ್ದ ದೊಡ್ಡ ಮನೆತನದ ಹುಡುಗ, ಅದರಲ್ಲೂ ಕೋರ್ಟ್‌ನೀಜ್ ಇದ್ದಾರೆ.

ಇಷ್ಟೆಲ್ಲ ಇದೆ ಅಂದ ಕೂಡಲೇ ಈಗಿನ ಕಾಲದ ಆಸೆ ಒಂದು ತಲೆ ಎತ್ತುತ್ತದೆ. ಹಲ್ಬರ್ಟ್ ದನಿಯ ಮಾದರಿ ಸಿಗುತ್ತದೆ, ನಾಟಕದ ಮಾತು ಸಿಗುತ್ತದೆ, ಕಂಪ್ಯೂಟರಿಗೆ ಕೊಟ್ಟು ದನಿ ಹುಟ್ಟಿಸಿ ತುಟಿಗೆ ಕೂರಿಸಿದರೆ ಆಯಿತಲ್ಲ? ನನಗೆ ಇದು ಬೇಡ. ಸಿನಿಮಾದವರು ನಾಟಕದ ಮಾತನ್ನು ಹಾಗ್ಹಾಗೇ ಇಡುವುದಿಲ್ಲ, ಸೆಟ್ಟಿನಲ್ಲಿ ಬದಲಾಯಿಸುತ್ತಾರೆ, ಹಲ್ಬರ್ಟ್‌ನಂಥ ನಟ ತನ್ನದನ್ನು ಸೇರಿಸಿಯೇ ಸೇರಿಸುತ್ತಾನೆ. ಅದಕ್ಕಿಂತ ಹೆಚ್ಚಾಗಿ, ಹಾಸ್ಯ ಇರುವುದು ಎರಡು ಮಾತಿನ ನಡುವಿನ ಬಿಡುವಿನಲ್ಲಿ. ಆ ಬಿಡುವನ್ನು ಇನ್ಯಾರೋ ತುಂಬಿ ಹಲ್ಬರ್ಟ್ ಹೆಸರಿನಲ್ಲಿ ಮಾರುವುದು, ಹೋಗಿರುವುದನ್ನು ಇದೆ ಅಂತ ನಂಬಿಸುವ ಕೆಲಸ.

ನಾನು ಇಷ್ಟಪಡುವ ದಾರಿ ಬೇರೆ. ಧ್ವನಿ ಇಲ್ಲದ ರೀಲುಗಳನ್ನು ಧ್ವನಿ ಇಲ್ಲ ಅಂತ ಒಪ್ಪಿಕೊಂಡೇ ತೋರಿಸಿ. ಕಥೆ ಗೊತ್ತಾಗುವಷ್ಟು ಮಾತನ್ನು ನಾಟಕದಿಂದ ತೆಗೆದು ಪರದೆಯ ಕೆಳಗೆ ಹಾಕಿ, ಇದು ನಾಟಕದಿಂದ ತೆಗೆದದ್ದು ಅಂತ ಮೊದಲೇ ಹೇಳಿ. ರೈಲಿನ ಸದ್ದನ್ನು ಮಾತ್ರ ಥಿಯೇಟರಿನಲ್ಲೇ, ಜನರ ಎದುರೇ ಮಾಡಿ. ರೋಲರ್, ಮರದ ಪಟ್ಟಿ, ತಗಡು, ಹಾಲಿನ ಕ್ಯಾನು ಎಲ್ಲ ವೇದಿಕೆಯ ಪಕ್ಕದಲ್ಲೇ ಇರಲಿ. ಮೂಕಿ ಸಿನಿಮಾಗಳಿಗೆ ಪಿಯಾನೋ ನುಡಿಸುವವರು ಇವತ್ತಿಗೂ ಇದ್ದಾರೆ, ಯಾರೂ ಅದನ್ನು ಮೋಸ ಅನ್ನುವುದಿಲ್ಲ, ಯಾಕೆಂದರೆ ನುಡಿಸುವವರು ಕಣ್ಣಿಗೆ ಕಾಣುತ್ತಾರೆ. ಇದೂ ಹಾಗೇ. 1925ರ ಪ್ರೇಕ್ಷಕರನ್ನು ಬೆಚ್ಚಿಬೀಳಿಸಿದ ಸದ್ದು ಇದೇ ಸಾಮಾನಿನಿಂದ ಬಂದದ್ದು, ಪಟ್ಟಿ ಕೈಯಲ್ಲೇ ಇದೆ. ಧ್ವನಿ ಉಳಿದಿರುವ ಎರಡು ರೀಲು ಬಂದಾಗ ರೋಲರ್ ನಿಲ್ಲಿಸಿ ಮೂಲವನ್ನೇ ಕೇಳಿಸಿ. ಆಗ ಜನಕ್ಕೆ ಯಾವುದು ಇದೆ, ಯಾವುದು ಇಲ್ಲ ಅನ್ನೋದು ಯಾರೂ ವಿವರಿಸದೆಯೇ ತಿಳಿಯುತ್ತದೆ.

ಇನ್ನು ಉಳಿದದ್ದು ಸಿಗಬಹುದೇ ಅನ್ನುವ ಮಾತು. ಸಿನಿಮಾಗಳು ಎಲ್ಲೆಲ್ಲಿಂದಲೋ ಎದ್ದು ಬಂದಿವೆ. ಅದೇ 75ರ ಪಟ್ಟಿಯಲ್ಲಿದ್ದ, 1923ರಲ್ಲಿ ಬೆಟ್ಟಿ ಬಾಲ್ಫೋರ್ ನಟಿಸಿದ ‘ಲವ್, ಲೈಫ್ ಅಂಡ್ ಲಾಫ್ಟರ್’ 2014ರಲ್ಲಿ ನೆದರ್ಲೆಂಡ್ಸಿನ ಒಂದು ಚಿಕ್ಕ ಊರಿನ ಹಳೇ ಥಿಯೇಟರಿನ ಡಬ್ಬಿಗಳಲ್ಲಿ ಸಿಕ್ಕಿತು. ಹಾಗಾಗಿ ಆಸೆ ಬಿಡಬೇಕಾಗಿಲ್ಲ. ಆದರೆ ಹುಡುಕುವವರಿಗೆ ಏನನ್ನು ಹುಡುಕಬೇಕು ಅಂತ ಗೊತ್ತಿರಬೇಕಲ್ಲ. ಎಲ್ಲರೂ ಚಿತ್ರ ಇರುವ ಫಿಲ್ಮ್ ಹುಡುಕುತ್ತಾರೆ. ಧ್ವನಿಯ ನೆಗೆಟಿವ್ ಬೆಳಕಿಗೆ ಹಿಡಿದರೆ ಮುಖ ಇಲ್ಲ, ರೈಲು ಇಲ್ಲ, ಒಂದು ಅಂಚಿನಲ್ಲಿ ಗೆರೆಯೋ ಗೀಚೋ ಓಡಿರುತ್ತದೆ, ಮಿಕ್ಕಿದ್ದೆಲ್ಲ ಖಾಲಿ. ತಾತನ ಕಾಲದ 35 ಎಂಎಂ ಡಬ್ಬಿ ತೆರೆದವನಿಗೆ ಅದು ಹಾಳಾದ ಫಿಲ್ಮ್ ಅನ್ನಿಸಿದರೆ ತಪ್ಪೇನಿಲ್ಲ, ಎಸೆದೇ ಬಿಡುತ್ತಾನೆ. ಪಟ್ಟಿ ಮಾಡುವವರು ‘ಭಾಗಶಃ’ ಅನ್ನುವ ಒಂದೇ ಕಾಲಂ ಬಿಟ್ಟು ಚಿತ್ರ ಎಷ್ಟು, ಧ್ವನಿ ಎಷ್ಟು ಅಂತ ಎರಡು ಕಾಲಂ ಹಾಕಬೇಕು, ‘ದಿ ಗೋಸ್ಟ್ ಟ್ರೈನ್’ ಮುಂದೆ ಮೊದಲು ಬೇಕಾಗಿರುವುದು ಧ್ವನಿಯ ರೀಲು ಅಂತ ದಪ್ಪ ಅಕ್ಷರದಲ್ಲಿ ಬರೆಯಬೇಕು, ಪಕ್ಕದಲ್ಲಿ ಆ ಗೆರೆಯ ಫಿಲ್ಮಿನ ಒಂದು ಫೋಟೋ ಹಾಕಬೇಕು.